ವೆಟ್‌ಸೂಟಿನ ತಪ್ಪೋ, ಮಾತ್ರೆಯ ತಪ್ಪೋ? ಯೀಸ್ಟ್ ಸೋಂಕಿಗೆ ಮದ್ದು ಸಿಕ್ಕ ಕತೆ

ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವರು ವಾಲ್ಯೂಮ್ ಕಮ್ಮಿ ಮಾಡಬಹುದು. ದಯವಿಟ್ಟು ಮಾಡಬೇಡಿ. ಯಾಕೆ ಅಂತ ಕತೆ ಮುಗಿಯುವಷ್ಟರಲ್ಲಿ ಗೊತ್ತಾಗುತ್ತೆ.

ನನ್ನ ಗೆಳತಿಯೊಬ್ಬಳಿದ್ದಾಳೆ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಸ್ಕೂಬಾ ಡೈವಿಂಗ್ ಮಾಡಿ ಬಂದವಳು, ಆಮೇಲೆ ಅದರ ಹುಚ್ಚು ಹಿಡಿಸಿಕೊಂಡಳು. ಎರಡು ವರ್ಷ ದುಡ್ಡು ಕೂಡಿಟ್ಟು ಅಂಡಮಾನಿಗೆ ಐದು ದಿನದ ಡೈವಿಂಗ್ ಪ್ರವಾಸ ಹೊರಟಳು. ಹೊರಡೋ ಮುಂಚೆ ಹಲ್ಲು ಕೀಳಿಸಿಕೊಂಡಿದ್ದಳು, ಅದಕ್ಕೆ ಆ್ಯಂಟಿಬಯೋಟಿಕ್ ಮಾತ್ರೆ ನಡೀತಿತ್ತು. ಮೊದಲ ಎರಡು ದಿನ ಚೆನ್ನಾಗೇ ಇತ್ತು. ಮೂರನೇ ದಿನ ತುರಿಕೆ, ಉರಿ. ಕೂರೋಕಾಗಲ್ಲ, ನಿಲ್ಲೋಕಾಗಲ್ಲ. ದೋಣಿಯಲ್ಲಿದ್ದವರೆಲ್ಲ ಅಪರಿಚಿತರು, ಹೇಳಿಕೊಡುವವನು ಇಪ್ಪತ್ತೈದರ ಹುಡುಗ. ಯಾರಿಗೆ ಹೇಳ್ತಾಳೆ? "ತಲೆ ಸುತ್ತುತ್ತಿದೆ" ಅಂದು ಮೂರು ದಿನ ದೋಣಿಯಲ್ಲೇ ಕೂತು ವಾಪಸ್ ಬಂದಳು. ಬೆಂಗಳೂರಿಗೆ ಬಂದ ಮೇಲೆ ಡಾಕ್ಟರು ನೋಡಿ ಯೀಸ್ಟ್ ಇನ್ಫೆಕ್ಷನ್ ಅಂದರು. ಒಂದು ವಾರಕ್ಕೆ ವಾಸಿಯಾಯ್ತು. ಆದರೆ ಅವಳ ಸಿಟ್ಟು ಇಳಿದಿರಲಿಲ್ಲ. "ಆ ಬಾಡಿಗೆ ವೆಟ್‌ಸೂಟಿಂದಾನೇ ಬಂದಿದ್ದು ಕಣೆ. ಇನ್ಯಾರದ್ದೋ ರೋಗ ನನಗೆ ಅಂಟ್ಕೊಂಡ್ತು" ಅಂದಳು.

ಹೌದಾ? ವೆಟ್‌ಸೂಟಿಂದಾನಾ? ಸಮುದ್ರದ ನೀರಿಂದಾನಾ? ಅಥವಾ ಅವಳ ಕೈಚೀಲದಲ್ಲಿದ್ದ ಮಾತ್ರೆಯಿಂದಾನಾ? ಈ ಪ್ರಶ್ನೆ ಹಿಡಿದು ಹೊರಟರೆ ನಾವು ದಕ್ಷಿಣ ಕೊರಿಯಾದ ಒಂದು ದ್ವೀಪ, ಅಮೆರಿಕದ ಒಂದು ಹೈನುತೋಟ, ಅಂಚೆಯಲ್ಲಿ ಓಡಾಡಿದ ಗಾಜಿನ ಜಾಡಿಗಳು, ಎಲ್ಲವನ್ನೂ ನೋಡಿ ಬರಬೇಕಾಗುತ್ತೆ.

ಬಿಳಿ ಅನ್ನೋ ಹೆಸರಿನ ಜೀವಿ

ಮೊದಲು ಈ ಯೀಸ್ಟ್ ಯಾರು ಅಂತ ಪರಿಚಯ ಮಾಡಿಕೊಳ್ಳೋಣ. ಇದರ ಪೂರ್ತಿ ಹೆಸರು ಕ್ಯಾಂಡಿಡಾ ಆಲ್ಬಿಕಾನ್ಸ್. ಬೂಷ್ಟಿನ ಜಾತಿಗೆ ಸೇರಿದ, ಒಂದೇ ಕೋಶದ ಶಿಲೀಂಧ್ರ. ಇದು ಹೊರಗಿಂದ ನುಗ್ಗೋ ಕಳ್ಳ ಅಲ್ಲ, ಮನೆಯಲ್ಲೇ ಇರೋ ಬಾಡಿಗೆದಾರ. ಆರೋಗ್ಯವಾಗಿರೋ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ, ಹೆಂಗಸರ ಯೋನಿಯಲ್ಲಿ ಸದ್ದಿಲ್ಲದೆ ಇರುತ್ತೆ. ಅದರ ಪಕ್ಕದಲ್ಲೇ ಲ್ಯಾಕ್ಟೊಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತವೆ. ಇವು ನಮ್ಮ ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾದ ಬಂಧುಗಳೇ. ಇವು ತಯಾರಿಸುವ ಹುಳಿ ಅಂಶ ಯೋನಿಯ ಆರೋಗ್ಯ ಕಾಯುತ್ತೆ. ದೋಸೆ ಹಿಟ್ಟು ಹುದುಗಿದಾಗ ಯಾವುದು ಎಷ್ಟು ಬೆಳೀಬೇಕೋ ಅಷ್ಟೇ ಬೆಳೆದರೆ ಚೆಂದ, ಅಲ್ವಾ? ಸಮತೋಲನ ತಪ್ಪಿದರೆ ವಾಸನೆ. ಇಲ್ಲೂ ಹಾಗೇ.

ಈ ರೋಗ ಹಳೇದು. ಗ್ರೀಸಿನ ಹಿಪೊಕ್ರಟೀಸನ ಬರಹಗಳಲ್ಲೇ ನಿತ್ರಾಣರಾದ ರೋಗಿಗಳ ಬಾಯಿಹುಣ್ಣಿನ ವಿವರಣೆ ಇದೆ. ಆದರೆ ಅದರ ಹಿಂದೆ ಒಂದು ಜೀವಿ ಇದೆ ಅಂತ ಕಂಡದ್ದು ಸೂಕ್ಷ್ಮದರ್ಶಕ ಬಂದ ಮೇಲೆ. 1839ರಲ್ಲಿ ಜರ್ಮನಿಯ ವೈದ್ಯ ಲಾಂಗೆನ್‌ಬೆಕ್ ಟೈಫಸ್ ರೋಗಿಯೊಬ್ಬರಲ್ಲಿ ಈ ಶಿಲೀಂಧ್ರವನ್ನು ನೋಡಿದರು. ಪಾಪ, ಆ ಜ್ವರಕ್ಕೇ ಇದು ಕಾರಣ ಅಂದುಕೊಂಡರು. 1849ರಲ್ಲಿ ವಿಲ್ಕಿನ್ಸನ್ ಅನ್ನುವವರು ಯೋನಿಯಲ್ಲೂ ಈ ಸೋಂಕು ಆಗುತ್ತೆ ಅಂತ ಬರೆದರು. ಅಲ್ಲಿಂದ ಎಷ್ಟೋ ವರ್ಷ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಕೊನೆಗೆ 1923ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಕ್ರಿಸ್ಟೀನ್ ಬರ್ಕ್‌ಹೌಟ್ ಅನ್ನುವ ಯುವತಿ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ 'ಕ್ಯಾಂಡಿಡಾ' ಅಂತ ಹೊಸ ಕುಲ ಮಾಡಿ ಗೊಂದಲ ಬಗೆಹರಿಸಿದರು.

ಈ ಹೆಸರಲ್ಲೊಂದು ತಮಾಷೆ ಇದೆ. ಹಳೇ ರೋಮಿನಲ್ಲಿ ಚುನಾವಣೆಗೆ ನಿಲ್ಲುವವರು ಸುಣ್ಣ ಬಳಿದು ಬೆಳ್ಳಗೆ ಮಾಡಿದ ಬಟ್ಟೆ ತೊಡುತ್ತಿದ್ದರು. ಅದಕ್ಕೆ ತೋಗಾ ಕ್ಯಾಂಡಿಡಾ ಅಂತ ಹೆಸರು. ನಾವು ಎಲೆಕ್ಷನ್‌ನಲ್ಲಿ ಹೇಳೋ 'ಕ್ಯಾಂಡಿಡೇಟ್' ಬಂದದ್ದು ಅಲ್ಲಿಂದಲೇ. ಆಲ್ಬಿಕಾನ್ಸ್ ಅಂದರೂ ಬೆಳ್ಳಗಾಗುವುದು ಅಂತಲೇ ಅರ್ಥ. ಬಿಳಿ ಮೇಲೆ ಬಿಳಿ. ನಮ್ಮಲ್ಲೂ ಅಜ್ಜಿಯಂದಿರು 'ಬಿಳಿ ಸೆರಗು', 'ಬಿಳಿ ಹೋಗೋದು' ಅಂತ ಪಿಸುಗುಟ್ಟುತ್ತಿದ್ದರು. ಬಿಳಿ ಹೋಗೋದೆಲ್ಲ ಯೀಸ್ಟ್ ಅಲ್ಲ, ಅದು ಬೇರೆ ಮಾತು. ಆದರೆ ಆ ಪಿಸುಮಾತನ್ನು ನೆನಪಿಟ್ಟುಕೊಳ್ಳಿ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಆಗುತ್ತೆ ಅನ್ನುವ ಕಾಯಿಲೆಯ ಬಗ್ಗೆ ಎಲ್ಲ ಕಡೆ ಮಾತಾಡಿದ್ದು ಪಿಸುದನಿಯಲ್ಲೇ.

ಮೊದಲ ಆರೋಪಿ: ವೆಟ್‌ಸೂಟ್

ಈಗ ನನ್ನ ಗೆಳತಿ ಬೊಟ್ಟು ಮಾಡಿದ ವೆಟ್‌ಸೂಟಿಗೆ ಬರೋಣ. ಹೆಂಗಸರು ಸಮುದ್ರಕ್ಕೆ ಧುಮುಕಿದ್ದು ವೆಟ್‌ಸೂಟ್ ಬಂದ ಮೇಲೆ ಅಂತ ಅಂದ್ಕೋಬೇಡಿ. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಹೇನ್ಯೊ ಅಂತ ಕರೆಯೋ ಹೆಂಗಸರಿದ್ದಾರೆ. ಹೇನ್ಯೊ ಅಂದರೆ ಸಮುದ್ರದ ಹೆಂಗಸು ಅಂತ. ಗಾಳಿಯ ಸಿಲಿಂಡರ್ ಇಲ್ಲ, ಉಸಿರು ಬಿಗಿಹಿಡಿದು ತಳಕ್ಕೆ ಹೋಗಿ ಚಿಪ್ಪುಜೀವಿಗಳನ್ನು, ಕಡಲಪಾಚಿಯನ್ನು ಕಿತ್ತು ತರ್ತಾರೆ. ಅದೇ ಅವರ ಹೊಟ್ಟೆಪಾಡು. 2016ರಲ್ಲಿ ಯುನೆಸ್ಕೊ ಈ ಸಂಪ್ರದಾಯವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವರು 1970ರ ದಶಕದ ಶುರುವಿನವರೆಗೂ ಹಾಕುತ್ತಿದ್ದದ್ದು ತೆಳು ಹತ್ತಿಬಟ್ಟೆಯ ಉಡುಪು. ಪಕ್ಕದಲ್ಲಿ ದಾರ ಕಟ್ಟೋ ಹಾಗೆ ಇರುತ್ತಿತ್ತು. ಬಸುರಿಯಾದರೆ ಸಡಿಲ ಮಾಡಬಹುದು, ಒದ್ದೆಯಾದರೆ ಬೇಗ ಬಿಚ್ಚಬಹುದು. ಚಳಿಗಾಲದ ಕೊರೆಯುವ ನೀರಲ್ಲಿ ಹತ್ತಿಬಟ್ಟೆ ಹಾಕ್ಕೊಂಡು ಹೆಚ್ಚು ಹೊತ್ತು ಇರೋಕೆ ಸಾಧ್ಯವೇ ಇಲ್ಲ. ಸ್ವಲ್ಪ ಹೊತ್ತು ಮುಳುಗೋದು, ನಡುಗುತ್ತಾ ದಡಕ್ಕೆ ಬರೋದು. ದಡದಲ್ಲಿ ಬುಲ್‌ತೊಕ್ ಅಂತ ಒಂದು ಜಾಗ. ಕಲ್ಲುಗೋಡೆ ಸುತ್ತುಗಟ್ಟಿ ನಡುವೆ ಬೆಂಕಿ. ಅಲ್ಲಿ ಒದ್ದೆಬಟ್ಟೆ ಬಿಚ್ಚಿ, ಮೈ ಒಣಗಿಸಿಕೊಂಡು, ಬೆಂಕಿಗೆ ಬೆನ್ನು ಕೊಟ್ಟು ಕೂತು, ಮನೆ-ಮಕ್ಕಳು-ಮೈಕೈ ನೋವು ಎಲ್ಲ ಮಾತಾಡಿಕೊಳ್ಳೋದು. ಗಂಡಸರಿಗೆ ಅಲ್ಲಿ ಜಾಗ ಇಲ್ಲ. ಹೊಸದಾಗಿ ಕೆಲಸ ಕಲಿಯೋ ಹುಡುಗಿಯರಿಗೆ ಪಾಠಶಾಲೆಯೂ ಅದೇ.

ಇಲ್ಲಿಂದ ಅಮೆರಿಕಕ್ಕೆ ಹೋಗೋಣ. 1951. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ನೌಕಾಪಡೆಯ ಮುಳುಗುಗಾರರ ಚಳಿಯ ಬಗ್ಗೆ ಯೋಚನೆ ಮಾಡ್ತಿದ್ದರು. ಅಲ್ಲಿವರೆಗೆ ಎಲ್ಲರ ಲೆಕ್ಕ ಏನಿತ್ತು ಅಂದರೆ, ಬೆಚ್ಚಗಿರಬೇಕಾದರೆ ಒಣಗಿರಬೇಕು. ಒಂದು ಹನಿ ನೀರೂ ಒಳಗೆ ಬರಬಾರದು. ಬ್ರಾಡ್ನರ್ ಅದನ್ನು ತಿರುಗಿಸಿ ಹಾಕಿದರು. ನೀರು ಒಳಗೆ ಬಂದರೂ ಪರವಾಗಿಲ್ಲ, ಶಾಖ ಹೊರಗೆ ಹೋಗದಿದ್ದರೆ ಸಾಕು ಅಂದರು. 1930ರಲ್ಲಿ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ ನಿಯೊಪ್ರೀನ್ ಅನ್ನೋ ಕೃತಕ ರಬ್ಬರನ್ನು ನೊರೆಯಂತೆ ಉಬ್ಬಿಸಿದರೆ ಅದರ ತುಂಬಾ ಸಣ್ಣ ಗಾಳಿಗುಳ್ಳೆ. ಆ ಗುಳ್ಳೆಗಳು ಮೈಯ ಶಾಖವನ್ನು ತಡೆದು ಹಿಡಿಯುತ್ತವೆ. ಚರ್ಮಕ್ಕೂ ಸೂಟಿಗೂ ನಡುವೆ ಸಿಕ್ಕಿಕೊಂಡ ನೀರಿನ ತೆಳು ಪದರ ಮೈಶಾಖಕ್ಕೆ ಬೆಚ್ಚಗಾಗುತ್ತೆ. ಅದಕ್ಕೇ ಅದು 'ವೆಟ್' ಸೂಟ್.

ಈಗ ಇದನ್ನ ಯೀಸ್ಟಿನ ಕಣ್ಣಲ್ಲಿ ನೋಡಿ. ಬೆಚ್ಚಗೆ, ಒದ್ದೆ, ಬಿಗಿ, ಗಾಳಿಯಾಡಲ್ಲ. ಅದರ ಮೇಲೆ ಚರ್ಮ ಮೆತ್ತಗಾಗಿ ಉಜ್ಜಿ ಉಜ್ಜಿ ಕೆಂಪಾಗಿರುತ್ತೆ. ಜೆಜುವಿನ ಹೆಂಗಸರಿಗೂ 1970ರ ದಶಕದಲ್ಲಿ ರಬ್ಬರ್ ಸೂಟು ಬಂತು. ಚಳಿ ಹೋಯ್ತು, ಸಂಪಾದನೆ ಹೆಚ್ಚಿತು. ಆದರೆ ಮೊದಲು ಕೊಂಚ ಹೊತ್ತು ನೀರಲ್ಲಿದ್ದು ದಡಕ್ಕೆ ಬರುತ್ತಿದ್ದವರು ಈಗ ಗಂಟೆಗಟ್ಟಲೆ ನೀರಲ್ಲೇ ಉಳಿದರು. ಮೈ ಒಣಗಿಸಿಕೊಳ್ಳೋ ಬಿಡುವು ದಿನಕ್ಕೆ ಎಷ್ಟೋ ಸಲ ಇತ್ತಲ್ಲ, ಅದು ಕೈಬಿಟ್ಟಿತು. ಬುಲ್‌ತೊಕ್‌ನ ಬೆಂಕಿಯೂ ಮೆಲ್ಲಗೆ ಆರುತ್ತಾ ಬಂತು.

ಹಾಗಾದರೆ ವೆಟ್‌ಸೂಟೇ ತಪ್ಪಿತಸ್ಥ ಅನ್ನಬಹುದಾ? ನಿಧಾನ. ಬಿಗಿಬಟ್ಟೆ, ಒದ್ದೆಬಟ್ಟೆ ಯೀಸ್ಟಿಗೆ ಅನುಕೂಲ ಅಂತ ಡಾಕ್ಟರುಗಳು ಹೇಳ್ತಾರೆ, ಅದನ್ನ ತಪ್ಪಿಸೋದು ಒಳ್ಳೇದೇ. ಆದರೆ ಇದಕ್ಕಿರೋ ಪುರಾವೆ ಎರಡನೇ ಆರೋಪಿಯ ಮೇಲಿರುವಷ್ಟು ಗಟ್ಟಿಯಾಗಿಲ್ಲ. ಬಾಡಿಗೆ ಸೂಟಿಂದ ಇನ್ನೊಬ್ಬರ ಯೀಸ್ಟು ಅಂಟಿತು ಅನ್ನೋದಂತೂ ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಹೆಚ್ಚಿನ ಸಲ ಮೈಮೇಲೆ ಬೀಳೋದು ನಮ್ಮದೇ ಯೀಸ್ಟ್.

ಎರಡನೇ ಆರೋಪಿ: ಜೀವ ಉಳಿಸಿದ ಮಾತ್ರೆ

1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಹಿಂದೆಯೇ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಬಂದವು. ನ್ಯುಮೋನಿಯಾದಿಂದ ಸಾಯಬೇಕಾದವರು ಎದ್ದು ಮನೆಗೆ ನಡೆದರು. ಆದರೆ ಡಾಕ್ಟರುಗಳಿಗೆ ಒಂದು ವಿಚಿತ್ರ ಕಾಣಿಸತೊಡಗಿತು. ಬ್ಯಾಕ್ಟೀರಿಯಾ ಸತ್ತ ಮೈಯಲ್ಲಿ ಬೂಷ್ಟು ಮೊಳೆಯುತ್ತಿದೆ. ಬಾಯಲ್ಲಿ, ಗಂಟಲಲ್ಲಿ, ಕರುಳಲ್ಲಿ, ಯೋನಿಯಲ್ಲಿ. ಕಾರಣ ಸರಳ. ಆ್ಯಂಟಿಬಯೋಟಿಕ್ ಕೆಟ್ಟ ಬ್ಯಾಕ್ಟೀರಿಯಾ ಯಾವುದು, ಒಳ್ಳೇದು ಯಾವುದು ಅಂತ ನೋಡಲ್ಲ. ಕಾವಲುಗಾರರನ್ನೂ ಸೇರಿಸಿ ಹೊಡೆಯುತ್ತೆ. ಯೀಸ್ಟು ಬ್ಯಾಕ್ಟೀರಿಯಾ ಅಲ್ಲವಲ್ಲ, ಹಾಗಾಗಿ ಅದಕ್ಕೇನೂ ಆಗಲ್ಲ. ಖಾಲಿಯಾದ ಮನೆ ಪೂರ್ತಿ ಅದರದ್ದೇ.

ಆಗ ಇದಕ್ಕೆ ಮದ್ದು ಏನಿತ್ತು? ಜೆನ್ಷನ್ ವಯಲೆಟ್. ನೇರಳೆ ಬಣ್ಣದ ಆ ದ್ರವ ನಮ್ಮಲ್ಲಿ ಹಳಬರಿಗೆ ಗೊತ್ತು, ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದರು. ಹಚ್ಚಿದ್ದೆಲ್ಲ ನೇರಳೆ. ಒಳಬಟ್ಟೆ, ಹಾಸಿಗೆ, ಬೆರಳು. ಗುಟ್ಟಾಗಿಡಬೇಕು ಅನ್ನೋ ಕಾಯಿಲೆಗೆ ಇಂಥ ಮದ್ದು! ಒಳಗಿನ ಸೋಂಕಿಗೆ ಅದೂ ಇಲ್ಲ.

ಶಿಲೀಂಧ್ರಕ್ಕೆ ಮದ್ದು ಮಾಡೋದು ಯಾಕೆ ಕಷ್ಟ ಗೊತ್ತಾ? ಬ್ಯಾಕ್ಟೀರಿಯಾ ನಮಗೆ ತೀರಾ ದೂರದವರು. ಅವರ ಕೋಶವೇ ಬೇರೆ ಥರ, ಹಾಗಾಗಿ ಅವರನ್ನಷ್ಟೇ ಕೊಲ್ಲೋ ವಿಷ ಹುಡುಕಬಹುದು. ಶಿಲೀಂಧ್ರ ಹಾಗಲ್ಲ. ಜೀವವೃಕ್ಷದಲ್ಲಿ ಅದು ನಮ್ಮ ಹತ್ತಿರದ ಕೊಂಬೆ. ಅದನ್ನ ಕೊಲ್ಲೋ ವಿಷ ನಮ್ಮನ್ನೂ ಕೊಲ್ಲಬಹುದು.

ಅಂಚೆಯಲ್ಲಿ ಓಡಾಡಿದ ಜಾಡಿಗಳು

ಇಲ್ಲಿ ಇಬ್ಬರು ಹೆಂಗಸರು ಕತೆಗೆ ಬರ್ತಾರೆ. ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್.

ಹೇಜನ್ ಹುಟ್ಟಿದ್ದು 1885ರಲ್ಲಿ, ಮಿಸಿಸಿಪಿ ರಾಜ್ಯದ ಹಳ್ಳಿಯಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಇಬ್ಬರನ್ನೂ ಕಳಕೊಂಡರು. ಚಿಕ್ಕಪ್ಪ ಚಿಕ್ಕಮ್ಮ ಸಾಕಿದರು. ಶಾಲೆಯಲ್ಲಿ ಪಾಠ ಮಾಡಿದರು, ದುಡಿದು ಓದಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಸಿಕ್ಕಾಗ 1927, ಅವರಿಗೆ ನಲವತ್ತು ದಾಟಿತ್ತು. 1931ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಾಲಯ ಸೇರಿದರು. ನಮ್ಮ ಸರ್ಕಾರಿ ಲ್ಯಾಬ್ ಇದ್ದ ಹಾಗೆ ಅಂದುಕೊಳ್ಳಿ, ಹೆಸರಾಂತ ಸಂಶೋಧನಾ ಸಂಸ್ಥೆ ಏನಲ್ಲ.

ಬ್ರೌನ್ ಹುಟ್ಟಿದ್ದು 1898ರಲ್ಲಿ. ಅಪ್ಪ ಮನೆ ಬಿಟ್ಟು ಹೋದ ಮೇಲೆ ಅಮ್ಮನೇ ಸಾಕಿದ್ದು. ಮನೆಯವರಿಗೆ ಬೇಕಾದ ಶ್ರೀಮಂತ ಹೆಂಗಸೊಬ್ಬರು ಕಾಲೇಜಿನ ಖರ್ಚು ಕೊಟ್ಟರು. ಷಿಕಾಗೋದಲ್ಲಿ ರಸಾಯನಶಾಸ್ತ್ರದ ಪ್ರಬಂಧ ಒಪ್ಪಿಸಿದರೂ ಪರೀಕ್ಷೆ ಮುಂದಕ್ಕೆ ಹೋಯ್ತು, ಕೈಯಲ್ಲಿ ದುಡ್ಡಿರಲಿಲ್ಲ, ಅದೇ ಇಲಾಖೆಯ ಆಲ್ಬನಿ ಊರಿನ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿಕೊಂಡರು. ಡಾಕ್ಟರೇಟ್ ಸಿಕ್ಕಿದ್ದು 1933ರಲ್ಲಿ.

ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಸುಮಾರು 240 ಕಿಲೋಮೀಟರ್ ದೂರದ ಆಲ್ಬನಿಯಲ್ಲಿ. ಬೆಂಗಳೂರಿಗೂ ಸಕಲೇಶಪುರಕ್ಕೂ ಇರೋ ಅಂತರ ಹೆಚ್ಚು ಕಮ್ಮಿ. 1948ರಲ್ಲಿ ಇಬ್ಬರೂ ಜೊತೆಗೂಡಿದರು. ಉಪಾಯ ಇಷ್ಟೇ. ಮಣ್ಣಿನಲ್ಲಿರೋ ಸೂಕ್ಷ್ಮಜೀವಿಗಳು ತಮ್ಮತಮ್ಮಲ್ಲೇ ಹೊಡೆದಾಡೋಕೆ ವಿಷ ತಯಾರಿಸುತ್ತವೆ, ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೂ ಹಾಗೇ. ಹಾಗಾದರೆ ಬೂಷ್ಟನ್ನು ಕೊಲ್ಲೋ ವಿಷವೂ ಎಲ್ಲೋ ಮಣ್ಣಲ್ಲಿ ಇರಲೇಬೇಕು.

ಹೇಜನ್ ಬೇರೆ ಬೇರೆ ಕಡೆಯಿಂದ ಮಣ್ಣು ತರಿಸಿ, ಅದರಲ್ಲಿರೋ ಜೀವಿಗಳನ್ನು ಬೆಳೆಸಿ, ಅವು ಕ್ಯಾಂಡಿಡಾವನ್ನು ಮತ್ತು ಕ್ರಿಪ್ಟೊಕಾಕಸ್ ಅನ್ನೋ ಇನ್ನೊಂದು ಅಪಾಯಕಾರಿ ಶಿಲೀಂಧ್ರವನ್ನು ಕೊಲ್ಲುತ್ತಾ ಅಂತ ನೋಡೋರು. ಕೊಂದರೆ, ಬೆಳೆಸಿದ್ದನ್ನು ಗಾಜಿನ ಜಾಡಿಗೆ ಹಾಕಿ ಅಂಚೆಯಲ್ಲಿ ಆಲ್ಬನಿಗೆ ಕಳಿಸೋರು. ನಾವು ಉಪ್ಪಿನಕಾಯಿ ಹಾಕಿಡ್ತೀವಲ್ಲ, ಅಂಥದ್ದೇ ಮುಚ್ಚಳದ ಜಾಡಿ. ಬ್ರೌನ್ ಅದರಿಂದ ಕೊಲ್ಲುವ ಅಂಶವನ್ನಷ್ಟೇ ಸೋಸಿ ತೆಗೆದು ಮತ್ತೆ ಅಂಚೆಯಲ್ಲಿ ನ್ಯೂಯಾರ್ಕಿಗೆ. ಹೇಜನ್ ಅದನ್ನ ಮತ್ತೆ ಪರೀಕ್ಷೆ ಮಾಡಿ, ಇಲಿಗಳಿಗೆ ಕೊಟ್ಟು ನೋಡೋರು. ಸಿಕ್ಕಿದ್ದರಲ್ಲಿ ಹೆಚ್ಚಿನವು ಬೂಷ್ಟನ್ನೂ ಕೊಲ್ಲುತ್ತಿದ್ದವು, ಇಲಿಯನ್ನೂ ಕೊಲ್ಲುತ್ತಿದ್ದವು. ಮತ್ತೆ ಮೊದಲಿಂದ ಶುರು.

ಕೊನೆಗೆ ಗೆದ್ದ ಮಣ್ಣು ಬಂದದ್ದು ಹೇಜನ್ ಅವರ ಪರಿಚಯದವರ ಹೈನುತೋಟದಿಂದ, ವರ್ಜೀನಿಯಾ ರಾಜ್ಯದಿಂದ. ತೋಟದವರ ಹೆಸರು ನರ್ಸ್ ಅಂತ ಇತ್ತು, ಆ ಜೀವಿಗೆ ಸ್ಟ್ರೆಪ್ಟೊಮೈಸಿಸ್ ನರ್ಸಿಯೈ ಅಂತಲೇ ಹೆಸರಿಟ್ಟರು. ಅದು ತಯಾರಿಸಿದ ಅಂಶ ಕ್ಯಾಂಡಿಡಾವನ್ನು ಕೊಲ್ಲುತ್ತಿತ್ತು, ಪ್ರಾಣಿಗಳು ತಾಳಿಕೊಳ್ಳುತ್ತಿದ್ದವು. ಹೇಗೆ ಅಂದರೆ, ಶಿಲೀಂಧ್ರದ ಕೋಶದ ಹೊದಿಕೆಯಲ್ಲಿ ಎರ್ಗೊಸ್ಟಿರಾಲ್ ಅನ್ನೋ ವಸ್ತು ಇರುತ್ತೆ, ನಮ್ಮದರಲ್ಲಿ ಕೊಲೆಸ್ಟಿರಾಲ್. ಈ ಮದ್ದು ಎರ್ಗೊಸ್ಟಿರಾಲನ್ನೇ ಹುಡುಕಿ ಹಿಡಿದು ಹೊದಿಕೆಯಲ್ಲಿ ತೂತು ಮಾಡುತ್ತೆ. ನುಂಗಿದರೂ ಕರುಳಿಂದ ರಕ್ತಕ್ಕೆ ಸೇರೋದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ಮೈಗೆ ತೊಂದರೆಯೂ ಕಮ್ಮಿ.

1950ರಲ್ಲಿ ಇಬ್ಬರೂ ಇದನ್ನ ವಿಜ್ಞಾನಿಗಳ ಸಭೆಯಲ್ಲಿ ಪ್ರಕಟಿಸಿದರು. ಹೆಸರೇನಿಟ್ಟರು? ತಮ್ಮ ಹೆಸರಲ್ಲ. ಸಂಬಳ ಕೊಟ್ಟ ರಾಜ್ಯದ ಹೆಸರು. ನ್ಯೂಯಾರ್ಕ್ ಸ್ಟೇಟ್, ಅದರಿಂದ ನಿಸ್ಟಾಟಿನ್. ಸ್ಕ್ವಿಬ್ ಕಂಪನಿ 1954ರಲ್ಲಿ ಮಾರುಕಟ್ಟೆಗೆ ತಂತು. ಮನುಷ್ಯರಿಗೆ ಸುರಕ್ಷಿತವಾಗಿ ಕೊಡಬಹುದಾದ, ಶಿಲೀಂಧ್ರ ಕೊಲ್ಲುವ ಮೊದಲ ಆ್ಯಂಟಿಬಯೋಟಿಕ್ ಅದು.

ದುಡ್ಡು ಎಲ್ಲಿ ಹೋಯ್ತು ಅನ್ನೋದು ನನಗೆ ಇನ್ನೂ ಇಷ್ಟ. ಪೇಟೆಂಟಿನಿಂದ 1.3 ಕೋಟಿ ಡಾಲರಿಗೂ ಹೆಚ್ಚು ರಾಯಧನ ಬಂತು. ಇಬ್ಬರೂ ಅದರಲ್ಲಿ ಒಂದು ಡಾಲರನ್ನೂ ಸ್ವಂತಕ್ಕೆ ತಗೊಳ್ಳಲಿಲ್ಲ. ಎಲ್ಲವನ್ನೂ ಸಂಶೋಧನೆಗೆ ಬಿಟ್ಟುಕೊಟ್ಟರು. ಅರ್ಧ ಹಣ ಇಬ್ಬರ ಹೆಸರಿನ ನಿಧಿಗೆ ಹೋಗಿ, 1957ರಿಂದ 1978ರವರೆಗೆ ಶಿಲೀಂಧ್ರ ರೋಗಗಳನ್ನು ಓದುವವರಿಗೆ, ವಿಜ್ಞಾನಕ್ಕೆ ಬರೋ ಹೆಣ್ಣುಮಕ್ಕಳಿಗೆ ನೆರವಾಯ್ತು. ಹೇಜನ್ 1975ರಲ್ಲಿ ತೀರಿಕೊಂಡರು, ಬ್ರೌನ್ 1980ರಲ್ಲಿ.

ಇನ್ನೊಂದು ಸಂಗತಿ ಹೇಳಲೇಬೇಕು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೊ ನದಿ ಉಕ್ಕಿ ಹರಿಯಿತು. ಶತಮಾನಗಳ ಹಳೇ ಚಿತ್ರಗಳು ಕೆಸರುನೀರಲ್ಲಿ ನೆನೆದವು. ನೆನೆದ ಮರದ ಹಲಗೆಗಳ ಮೇಲೆ ಬೂಷ್ಟು ಹಿಡಿಯತೊಡಗಿತು. ಅವನ್ನು ಉಳಿಸೋಕೆ ಸಿಂಪಡಿಸಿದ್ದು ಏನು ಗೊತ್ತಾ? ನಿಸ್ಟಾಟಿನ್. ಹೆಂಗಸರ ಗುಪ್ತ ಕಾಯಿಲೆಗೆ ಬಳಸೋ ಮದ್ದೇ ಆ ಮಹಾನ್ ಚಿತ್ರಗಳನ್ನೂ ಕಾಯ್ತು. ಒದ್ದೆ ಅಂದರೆ ಬೂಷ್ಟು, ಅದು ಚಿತ್ರಕ್ಕೂ ಅಷ್ಟೇ, ಚರ್ಮಕ್ಕೂ ಅಷ್ಟೇ.

ಆಮೇಲೆ ಕ್ಲೊಟ್ರಿಮಜೋಲ್‌ನಂಥ ಕ್ರೀಮು, ಯೋನಿಯೊಳಗೆ ಇಡುವ ಮಾತ್ರೆಗಳು ಬಂದವು. 1990ರಲ್ಲಿ ಅಮೆರಿಕದಲ್ಲಿ ಫ್ಲುಕೊನಜೋಲ್‌ಗೆ ಅನುಮತಿ ಸಿಕ್ಕಿತು. ಈಗ ಡಾಕ್ಟರು ಬರೆಯುವ 150 ಮಿಲಿಗ್ರಾಮಿನ ಒಂದೇ ಮಾತ್ರೆ ಅದೇ.

ಮಲೇರಿಯಾ ಮಾತ್ರೆಯ ಒಂದು ತಿರುವು

ಡೈವಿಂಗಿಗೂ ಆ್ಯಂಟಿಬಯೋಟಿಕ್‌ಗೂ ಇನ್ನೊಂದು ನಂಟಿದೆ. ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳಂಥ ಕಡೆ ಹವಳದ ದಿಬ್ಬಗಳು ಅದ್ಭುತ, ಮಲೇರಿಯಾವೂ ಇದೆ. ಮಲೇರಿಯಾ ತಡೆಗೆ ಕೊಡೋ ಮೆಫ್ಲೊಕ್ವಿನ್ ಅನ್ನೋ ಮಾತ್ರೆ ಕೆಲವರಿಗೆ ತಲೆಸುತ್ತು ತರುತ್ತೆ. ನೀರಿನಾಳದಲ್ಲಿ ತಲೆಸುತ್ತು ಬಂದರೆ ಪ್ರಾಣಕ್ಕೇ ಅಪಾಯ. ಅಷ್ಟೇ ಅಲ್ಲ, ಒತ್ತಡ ಇಳಿಯುವಾಗ ಆಗೋ ಡಿಕಂಪ್ರೆಷನ್ ಕಾಯಿಲೆಯೋ ಮಾತ್ರೆಯ ಪರಿಣಾಮವೋ ಅಂತ ಗೊತ್ತೇ ಆಗಲ್ಲ. ಹಾಗಾಗಿ ಡೈವರ್‌ಗಳಿಗೆ ಎಷ್ಟೋ ಸಲ ಡಾಕ್ಸಿಸೈಕ್ಲಿನ್ ಬರೀತಾರೆ. ಅದು ಟೆಟ್ರಾಸೈಕ್ಲಿನ್ ಗುಂಪಿನದ್ದೇ. ದಿನಾ ಒಂದು, ಪ್ರವಾಸ ಮುಗಿದು ಬಂದ ಮೇಲೂ ನಾಲ್ಕು ವಾರ. ಅಂದರೆ ಕಾವಲುಗಾರ ಬ್ಯಾಕ್ಟೀರಿಯಾ ಮೇಲೆ ವಾರಗಟ್ಟಲೆ ದಾಳಿ, ಮೇಲಿಂದ ಒದ್ದೆ ಸೂಟು. ಮಲೇರಿಯಾ ಮಾತ್ರೆ ಬಿಡಿ ಅಂತ ನಾನು ಖಂಡಿತ ಹೇಳ್ತಿಲ್ಲ. ಆದರೆ ಹಿಂದೆ ಯೀಸ್ಟ್ ಸೋಂಕು ಆಗಿದ್ದವರು ಅದನ್ನ ಬರೆಸಿಕೊಳ್ಳೋ ಹೊತ್ತಲ್ಲೇ ಡಾಕ್ಟರಿಗೆ ಹೇಳಿ, ಯೀಸ್ಟಿನ ಮದ್ದನ್ನೂ ಬರೆಸಿಕೊಂಡು ಬ್ಯಾಗಿಗೆ ಹಾಕ್ಕೊಳ್ಳಿ. ದ್ವೀಪದಲ್ಲಿ ಮೆಡಿಕಲ್ ಶಾಪ್ ಹುಡುಕಿಕೊಂಡು ಅಲೆಯೋದು ತಪ್ಪುತ್ತೆ.

ಹಾಗಾದರೆ ಏನು ಮಾಡಬೇಕು?

ಇತಿಹಾಸ ಹೇಳಿಕೊಟ್ಟದ್ದನ್ನೇ ಮಾಡಬೇಕು. ಮೊದಲನೇದು, ಬುಲ್‌ತೊಕ್ ಪಾಠ. ನೀರಿಂದ ಬಂದ ಕೂಡಲೇ ಸೂಟನ್ನೂ ಒಳಗಿನ ಈಜುಡುಗೆಯನ್ನೂ ಬಿಚ್ಚಿ. ಸೂಟನ್ನು ಸೊಂಟದವರೆಗೆ ಇಳಿಸಿ ಟೀ ಕುಡೀತಾ ಕೂತರೆ ಒದ್ದೆ ಇರಬಾರದ ಕಡೆಯೇ ಒದ್ದೆ ಉಳಿಯುತ್ತೆ. ಎರಡು ಮೂರು ಜೊತೆ ಈಜುಡುಗೆ ಒಯ್ಯಿರಿ. ಸಿಹಿನೀರಲ್ಲಿ ಮೈ ತೊಳೆದು, ಒತ್ತಿ ಒರೆಸಿ, ಸಡಿಲ ಹತ್ತಿಬಟ್ಟೆ ಹಾಕ್ಕೊಳ್ಳಿ.

ನೀರೊಳಗೆ ಹೋದರೆ ಮೂತ್ರ ಹೆಚ್ಚು ಬರುತ್ತೆ, ಅದು ದೇಹದ ಸಹಜ ಗುಣ. ಅದಕ್ಕೆ ಹೆದರಿ ನೀರು ಕುಡಿಯೋದು ಬಿಡಬೇಡಿ, ನಿರ್ಜಲೀಕರಣ ಡೈವರ್‌ಗಳಿಗೆ ಒಳ್ಳೇದಲ್ಲ. ಸೂಟಲ್ಲೇ ಆಗಿಬಿಟ್ಟರೆ ನಾಚಿಕೆ ಬೇಡ, ಆಮೇಲೆ ಸೂಟನ್ನು ಚೆನ್ನಾಗಿ ತೊಳೆದು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಹಾಕಿ.

ಘಮಘಮ ಸೋಪು, ಸ್ಪ್ರೇ, ಯೋನಿಯೊಳಗೆ ನೀರು ಹಾಯಿಸಿ ತೊಳೆಯೋದು, ಇವು ಯಾವುದೂ ಬೇಡ. ಹೊರಗೆ ಬರೀ ನೀರು ಸಾಕು. ಮೊಸರು ತಿನ್ನಿ, ಒಳ್ಳೇದೇ. ಆದರೆ ಅದನ್ನೇ ಮದ್ದು ಅಂದ್ಕೊಂಡು ಕೂರಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಪ್ರವಾಸದಲ್ಲೂ ಸಕ್ಕರೆ ಹತೋಟಿಯಲ್ಲಿರಲಿ, ಅದು ಏರಿದರೆ ಯೀಸ್ಟಿಗೆ ಹಬ್ಬ. ನೆಗಡಿಗೆಲ್ಲ ಆ್ಯಂಟಿಬಯೋಟಿಕ್ ನುಂಗಬೇಡಿ.

ಮೊದಲ ಸಲ ಇಂಥ ತೊಂದರೆ ಆಗಿದ್ದರೆ, ಜ್ವರ, ಕಿಬ್ಬೊಟ್ಟೆ ನೋವು, ಕೆಟ್ಟ ವಾಸನೆ, ಹುಣ್ಣು ಇದ್ದರೆ, ಅಥವಾ ಗರ್ಭಿಣಿಯಾಗಿದ್ದರೆ ಸ್ವಂತ ಚಿಕಿತ್ಸೆ ಬೇಡ. ತುರಿಕೆಯೆಲ್ಲ ಯೀಸ್ಟ್ ಅಲ್ಲ. ಫ್ಲುಕೊನಜೋಲ್ ಬೇರೆ ಕೆಲವು ಮಾತ್ರೆಗಳ ಜೊತೆ ಸೇರಬಾರದು, ಗರ್ಭಿಣಿಯರಿಗೂ ಅಲ್ಲ. ತೊಡೆಸಂದಿಯ ತುರಿಕೆಗೆ ಸ್ಟಿರಾಯ್ಡ್ ಬೆರೆಸಿದ ಕ್ರೀಮನ್ನು ಡಾಕ್ಟರ್ ಚೀಟಿ ಇಲ್ಲದೆ ತಂದು ಹಚ್ಚೋದನ್ನ ಗಂಡಸರೂ ಬಿಡಬೇಕು. ಮೊದಲು ಹಾಯೆನಿಸುತ್ತೆ, ಆಮೇಲೆ ಬಿಡದೆ ಕಾಡುತ್ತೆ. ಮದ್ದಿಗೆ ಬಗ್ಗದ ಶಿಲೀಂಧ್ರಗಳು ಹೆಚ್ಚುತ್ತಿವೆ, ಹಾಗಾಗಿ ಇದ್ದ ಮದ್ದನ್ನು ಹಾಳುಮಾಡಿಕೊಳ್ಳಬಾರದು.

ಒಂದು ಸುದ್ದಿ ನೀವೂ ಓದಿರಬಹುದು. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ಅಂಡಮಾನಿನ ಕಡಲತೀರದ ಮರಳು ಮತ್ತು ಜವುಗು ಪ್ರದೇಶದಲ್ಲಿ ಕ್ಯಾಂಡಿಡಾ ಆರಿಸ್ ಸಿಕ್ಕಿದ್ದನ್ನು ಪ್ರಕಟಿಸಿದರು. 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಲ್ಲಿ ಮೊದಲು ಗುರುತಿಸಿದ, ಹಲವು ಮದ್ದುಗಳಿಗೆ ಬಗ್ಗದ ಜೀವಿ ಇದು. ಇದನ್ನ ನನ್ನ ಗೆಳತಿಗೆ ಹೇಳಿದಾಗ "ನೋಡು, ಸಮುದ್ರದಿಂದಾನೇ!" ಅಂದಳು. ಅಲ್ಲ. ಅದು ಬೇರೆ ಜಾತಿ, ಕಾಡೋದು ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗಿದ ಗಂಭೀರ ರೋಗಿಗಳನ್ನು. ಕಡಲಿಗೆ ಹೆದರಬೇಕಾಗಿಲ್ಲ.

ಹಾಗಾದರೆ ಅವಳ ಪ್ರಶ್ನೆಗೆ ಉತ್ತರ? ನನ್ನ ಪ್ರಕಾರ ಬೀಜ ಅವಳ ಮೈಯಲ್ಲೇ ಇತ್ತು, ಹೊಲ ಹದ ಮಾಡಿದ್ದು ಹಲ್ಲಿನ ಮಾತ್ರೆ, ನೀರು ಹಾಯಿಸಿದ್ದು ವೆಟ್‌ಸೂಟು. ಆದರೆ ಮೂರು ದಿನ ಹಾಳಾಗಿದ್ದು ಈ ಮೂರರಿಂದಲೂ ಅಲ್ಲ. ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳೋಕಾಗಲಿಲ್ಲವಲ್ಲ, ಅದರಿಂದ. ಮದ್ದು ಬಂದು ಎಪ್ಪತ್ತು ವರ್ಷ ಕಳೆದಿದೆ. ಅದಕ್ಕೆ ಬೇಕಾದ ಮಣ್ಣು ವರ್ಜೀನಿಯಾದಲ್ಲಿ ಸಿಕ್ತು, ಜಾಡಿಗಳು ಅಂಚೆಯಲ್ಲಿ ಓಡಾಡಿದವು, ಇಬ್ಬರು ಹೆಂಗಸರು ಬಂದ ದುಡ್ಡನ್ನೂ ಬಿಟ್ಟುಕೊಟ್ಟರು. ಇಷ್ಟಾದ ಮೇಲೂ ಆ ದೋಣಿಯಲ್ಲಿ ಅವಳಿಗೆ 'ತಲೆಸುತ್ತು' ಅಂತಲೇ ಹೇಳಬೇಕಾಯ್ತು.

ಮುಂದಿನ ತಿಂಗಳು ಅವಳು ಮತ್ತೆ ನೇತ್ರಾಣಿಗೆ ಹೊರಟಿದ್ದಾಳೆ. ಬ್ಯಾಗಿನಲ್ಲಿ ಎರಡು ಜೊತೆ ಈಜುಡುಗೆ, ಒಂದು ಹತ್ತಿಯ ಪಂಚೆ, ಡಾಕ್ಟರು ಬರೆದುಕೊಟ್ಟ ಒಂದು ಟ್ಯೂಬು. ಈ ಸಲ ಜೊತೆಗೆ ಅವಳ ಅಕ್ಕನ ಮಗಳೂ ಹೋಗ್ತಿದ್ದಾಳೆ, ಅವಳಿಗೆ ಎಲ್ಲ ಮೊದಲೇ ಹೇಳಿದ್ದಾಳಂತೆ, ಜೋರು ದನಿಯಲ್ಲೇ. ನೀವೂ ಈ ಸಂಚಿಕೆಯನ್ನ ಪ್ರವಾಸಕ್ಕೆ ಹೊರಟ ಯಾರಿಗಾದರೂ ಕಳಿಸಿ.